ಗಾಳಿ ಬಂದಾಗ ತೂರಿಕೊಳ್ಳದವರು

ಶನಿವಾರ ಬೆಳಿಗ್ಗೆ ಏಳಕ್ಕೆ ನಮ್ಮ ಪುಟ್ಟ ವಿಮಾನ ನಿಲ್ದಾಣದ ಗಾಳಿಚೀಲ, ಒಣಗಲು ಹಾಕಿ ಮರೆತ ಪಂಚೆಯ ಹಾಗೆ ಕಂಬಕ್ಕೆ ಜೋತುಬಿದ್ದಿರುತ್ತದೆ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ವಾರವಿಡೀ ಕಂಪ್ಯೂಟರ್ ಮುಂದೆ ಕೂತು, ವಾರಾಂತ್ಯಕ್ಕೆ ಎರಡು ಗಂಟೆ ಸೆಸ್ನಾ 172 ಬಾಡಿಗೆಗೆ ಪಡೆದು ಹಾರುವ ನನ್ನಂಥವರಿಗೆ ಅದೇ ಅಮೃತಗಳಿಗೆ. ಬಿಸಿಲೇರಿದಂತೆ ಚೀಲ ಮೈಮುರಿಯುತ್ತದೆ. ಮಧ್ಯಾಹ್ನ ಎರಡರ ಹೊತ್ತಿಗೆ ಸಮುದ್ರದ ಕಡೆಯಿಂದ ಬೀಸುವ ಗಾಳಿಗೆ ಉಬ್ಬಿ ನೆಟ್ಟಗೆ ನಿಲ್ಲುತ್ತದೆ. ಈ ದೇಶದಲ್ಲಿ ಗಾಳಿಚೀಲ ಪೂರ್ತಿ ಚಾಚಿಕೊಂಡಿದೆ ಎಂದರೆ ಗಾಳಿಯ ವೇಗ ಕನಿಷ್ಠ 15 ನಾಟ್, ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್ ಎಂದು ಅರ್ಥ. ಆ ಹೊತ್ತಿಗೆ ವಿಮಾನ ಕಾಯ್ದಿರಿಸಿದವರು ಫೋನ್ ನೋಡಿ, "ಇವತ್ತು ಗಾಳಿ ಜಾಸ್ತಿ" ಎಂದು ರದ್ದು ಮಾಡುತ್ತಾರೆ. ಯಾರೂ ಪ್ರಶ್ನಿಸುವುದಿಲ್ಲ. "ಒಳ್ಳೆಯ ಕೆಲಸ ಮಾಡಿದಿರಿ" ಎಂದು ಬೆನ್ನು ತಟ್ಟುವವರೇ ಹೆಚ್ಚು.

ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಟವನು ಹಾಗೆ ರದ್ದು ಮಾಡಿದರೆ ನಾನೂ ಬೆನ್ನು ತಟ್ಟುತ್ತೇನೆ. ಆದರೆ ಒಬ್ಬನೇ, ಅಥವಾ ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕೂತಿರುವಾಗ, ಬರೀ ಏರಿಳಿಯುವ ಅಭ್ಯಾಸಕ್ಕೆಂದು ಬಂದವನೂ ಪ್ರತಿ ವಾರ ಗಾಳಿ ನೋಡಿ ಮನೆಗೆ ಹೋಗುತ್ತಿದ್ದರೆ ಅದನ್ನು ಎಚ್ಚರಿಕೆ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಅವನು ಅಪಾಯವನ್ನು ತಪ್ಪಿಸುತ್ತಿಲ್ಲ, ಮುಂದಕ್ಕೆ ಹಾಕುತ್ತಿದ್ದಾನೆ. ಅದೂ ತನ್ನ ಜೊತೆ ಬೇರೆಯವರು ಕೂತಿರುವ ಒಂದು ದಿನಕ್ಕೆ.

ಇದನ್ನು ನಾನು ಅಧಿಕಾರದಿಂದ ಹೇಳುತ್ತಿಲ್ಲ, ಅನುಭವಿಸಿ ಹೇಳುತ್ತಿದ್ದೇನೆ. ನನಗೆ ಲೈಸೆನ್ಸ್ ಸಿಕ್ಕು ಒಂದೂವರೆ ವರ್ಷವಾಗಿತ್ತು. ಹೆಂಡತಿಯನ್ನೂ ಅವಳ ತಮ್ಮನನ್ನೂ ಕೂರಿಸಿಕೊಂಡು ಕಣಿವೆಯ ಕಡೆಯ ಒಂದು ಊರಿಗೆ ಊಟಕ್ಕೆ ಹೋಗಿದ್ದೆ. ಬೆಳಿಗ್ಗೆ ಹೊರಟಾಗ ಎಲೆ ಅಲುಗುತ್ತಿರಲಿಲ್ಲ. ಊಟ ಉದ್ದವಾಯಿತು, ಮಾತು ಇನ್ನೂ ಉದ್ದವಾಯಿತು. ವಾಪಸ್ ಬಂದಾಗ ರನ್‌ವೇಗೆ ಅಡ್ಡವಾಗಿ 14 ನಾಟ್ ಗಾಳಿ, ನಡುನಡುವೆ 21ರವರೆಗೆ ಏರುವ ಬೀಸು. ನೆಲಕ್ಕೆ ಇಪ್ಪತ್ತು ಅಡಿ ಇರುವಾಗ ವಿಮಾನ ರನ್‌ವೇಯ ನಡುಗೆರೆ ಬಿಟ್ಟು ಬಲಕ್ಕೆ ಸರಿಯತೊಡಗಿತು. ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಕೈಕಾಲಿಗೆ ಗೊತ್ತಿರಲಿಲ್ಲ. ಕಾರಿನ ಸ್ಟಿಯರಿಂಗ್ ತಿರುಗಿಸುವವನ ಹಾಗೆ ಎಡಕ್ಕೆ ಎಳೆದೆ. ಟೈರುಗಳು ಅಡ್ಡಲಾಗಿ ನೆಲಕ್ಕೆ ಉಜ್ಜಿ ಕಿರುಚಿದವು, ವಿಮಾನ ಚಿಮ್ಮಿತು, ಮತ್ತೆ ಬಡಿಯಿತು. ರನ್‌ವೇಯ ಅಂಚಿನ ದೀಪಗಳ ಹತ್ತಿರ ಹೇಗೋ ನಿಂತಿತು. ಯಾರಿಗೂ ಏನೂ ಆಗಲಿಲ್ಲ, ವಿಮಾನಕ್ಕೂ ಆಗಲಿಲ್ಲ. ಹಿಂದಿನ ಸೀಟಿನಿಂದ ಮೈದುನ, "ಭಾವಾ, ಯಾವಾಗಲೂ ಹಿಂಗೇನು?" ಎಂದ. "ಸ್ವಲ್ಪ ಗಾಳಿ ಇತ್ತು" ಎಂದೆ.

ಕಾನೂನಿನ ಪ್ರಕಾರ ಅಂದು ನಾನು ಪೂರ್ಣ ಅರ್ಹನಾಗಿದ್ದೆ. ಅಮೆರಿಕದ ನಿಯಮ ಹೇಳುವುದಿಷ್ಟು: ಬೇರೆಯವರನ್ನು ಕೂರಿಸಿಕೊಂಡು ಹಾರಬೇಕಾದರೆ ಖಾಸಗಿ ಪೈಲಟ್ ಹಿಂದಿನ 90 ದಿನಗಳಲ್ಲಿ ಮೂರು ಸಲ ಏರಿ ಮೂರು ಸಲ ಇಳಿದಿರಬೇಕು. 24 ತಿಂಗಳಿಗೊಮ್ಮೆ ಇನ್‌ಸ್ಟ್ರಕ್ಟರ್ ಮುಂದೆ ಕನಿಷ್ಠ ಒಂದು ಗಂಟೆ ಪಾಠ, ಒಂದು ಗಂಟೆ ಹಾರಾಟ. ನಾನು ಮೂರಲ್ಲ, ಒಂಬತ್ತು ಸಲ ಇಳಿದಿದ್ದೆ. ಒಂಬತ್ತೂ ಬೆಳಗಿನ ಒಂಬತ್ತು ಗಂಟೆಯೊಳಗೆ.

ಲೈಸೆನ್ಸ್ ಪರೀಕ್ಷೆಯ ಕಥೆಯೂ ಇದೇ. ಪರೀಕ್ಷೆಯ ದಿನ ಅಡ್ಡಗಾಳಿ ಇಲ್ಲದಿದ್ದರೆ ಆ ಭಾಗದ ತಿಳಿವಳಿಕೆಯನ್ನು ಪರೀಕ್ಷಕರು ಬಾಯಿಮಾತಿನಲ್ಲಿ ಕೇಳಿ ಮುಗಿಸಬೇಕು ಎಂದು ಇಲ್ಲಿನ ಪರೀಕ್ಷಾ ಮಾನದಂಡದಲ್ಲೇ ಬರೆದಿದೆ. ನನ್ನ ಪರೀಕ್ಷೆ ನಡೆದದ್ದು ಫೆಬ್ರವರಿಯ ಒಂದು ನಿಶ್ಚಲ ಬೆಳಿಗ್ಗೆ. ರೆಕ್ಕೆ ಎತ್ತ ಬಾಗಿಸಬೇಕು, ಯಾವ ಕಾಲು ಒತ್ತಬೇಕು ಎಂದು ಕುರ್ಚಿಯ ಮೇಲೆ ಕೂತು ಒಪ್ಪಿಸಿ ಪಾಸಾದೆ. ಈಜು ಬರುತ್ತದೆಯೇ ಎಂದು ಬಾವಿಕಟ್ಟೆಯ ಮೇಲೆ ಕೂರಿಸಿ ಕೇಳಿದ ಹಾಗೆ. ಪರೀಕ್ಷಕರನ್ನು ದೂರಲಾರೆ. ಗಾಳಿಯನ್ನು ಅವರು ಎಲ್ಲಿಂದ ತರಿಸಬೇಕು? ನಿಯಮ ಬರೆದವರನ್ನೂ ದೂರಲಾರೆ. ಎಣಿಸಲು ಸಾಧ್ಯವಾದದ್ದನ್ನು ಎಣಿಸುವುದು ಸರ್ಕಾರಗಳ ಸ್ವಭಾವ. ಇಳಿದ ಸಲಗಳನ್ನು ಎಣಿಸಬಹುದು, ಯಾವ ಗಾಳಿಯಲ್ಲಿ ಇಳಿದೆ ಎಂಬುದನ್ನು ಎಣಿಸುವುದು ಕಷ್ಟ. ತಪ್ಪಾಗುವುದು, ಸರ್ಕಾರ ಎಣಿಸುವುದನ್ನೇ ನಾವೂ ಎಣಿಸಿಕೊಂಡು ನಮ್ಮ ಕೈ ಪಳಗಿದೆ ಎಂದು ನಂಬಿದಾಗ.

ಆ ಸಂಜೆ ಮನೆಗೆ ಬಂದವನೇ ನನ್ನ ಲಾಗ್‌ಬುಕ್ ತೆಗೆದು ಹೊಸದೊಂದು ಕಾಲಂ ಗೆರೆ ಎಳೆದೆ. ಹಳೆಯ ಹವಾಮಾನ ದಾಖಲೆಗಳನ್ನು ಹುಡುಕಿ, ಒಂದೂವರೆ ವರ್ಷದ ಪ್ರತಿಯೊಂದು ಇಳಿತದ ಎದುರಿಗೂ ಆ ಹೊತ್ತಿನ ಅಡ್ಡಗಾಳಿ ಎಷ್ಟಿತ್ತೆಂದು ಬರೆದೆ. ಅಂದಿನದನ್ನು ಬಿಟ್ಟರೆ, ಅರವತ್ತಕ್ಕೂ ಹೆಚ್ಚು ಇಳಿತಗಳಲ್ಲಿ ಎಂಟು ನಾಟ್ ಮೀರಿದ್ದು ನಾಲ್ಕು. ಆ ನಾಲ್ಕೂ ಲೈಸೆನ್ಸ್ ಬಂದ ಮೊದಲ ಬೇಸಿಗೆಯವು. ಅರವತ್ತು ಸಲ ಇಳಿದಿದ್ದೇನೆ ಎಂದು ನಾನು ತಿಳಿದಿದ್ದೆ. ನಿಜವಾಗಿ ಒಂದೇ ಸಲವನ್ನು ಅರವತ್ತು ಸಾರಿ ಇಳಿದಿದ್ದೆ.

ಅಡ್ಡಗಾಳಿಯಲ್ಲಿ ಇಳಿಯುವುದು ಅಷ್ಟೇನು ದೊಡ್ಡ ವಿದ್ಯೆ ಎಂದು ಓದುಗರು ಕೇಳಬಹುದು. ಆನೆಗೊಂದಿಯ ಹತ್ತಿರ ತುಂಗಭದ್ರೆ ದಾಟಿಸುವ ಹರಿಗೋಲಿನವನನ್ನು ನೋಡಿದವರಿಗೆ ಅರ್ಧ ವಿದ್ಯೆ ಆಗಲೇ ಗೊತ್ತು. ಅವನು ಆಚೆ ದಡದ ಗುರಿಯನ್ನೇ ನೋಡಿ ಹುಟ್ಟು ಹಾಕುವುದಿಲ್ಲ. ಹೊಳೆಯ ಸೆಳೆತ ಲೆಕ್ಕ ಹಾಕಿ ಮೇಲ್ಗಡೆಗೆ ಹಾಕುತ್ತಾನೆ, ಓರೆಯಾಗಿ ಸಾಗಿ ನೇರ ಗುರಿಗೆ ಮುಟ್ಟುತ್ತಾನೆ. ವಿಮಾನವೂ ಹಾಗೆಯೇ ಮೂತಿಯನ್ನು ಗಾಳಿಯ ಕಡೆಗೆ ಓರೆ ಮಾಡಿಕೊಂಡು, ಏಡಿಯ ನಡಿಗೆಯಲ್ಲಿ, ರನ್‌ವೇಯ ನೇರಕ್ಕೆ ಬರುತ್ತದೆ. ಆದರೆ ಹರಿಗೋಲಿಗೆ ಚಕ್ರಗಳಿಲ್ಲ. ವಿಮಾನ ನೆಲ ಮುಟ್ಟುವಾಗ ಮೂತಿಯೂ ಚಕ್ರಗಳೂ ರನ್‌ವೇಯ ನೇರಕ್ಕಿರಬೇಕು, ಇಲ್ಲದಿದ್ದರೆ ಸಾಗುವ ದಿಕ್ಕು ಒಂದು, ಚಕ್ರ ಉರುಳುವ ದಿಕ್ಕು ಇನ್ನೊಂದು. ಮೂತಿ ನೇರ ಮಾಡಿದೊಡನೆ ಗಾಳಿ ಪಕ್ಕಕ್ಕೆ ತಳ್ಳತೊಡಗುತ್ತದೆ. ಅದನ್ನು ತಡೆಯಲು ಗಾಳಿ ಬೀಸುವ ಕಡೆಯ ರೆಕ್ಕೆಯನ್ನು ತಗ್ಗಿಸಬೇಕು. ತಗ್ಗಿಸಿದರೆ ವಿಮಾನ ಆ ಕಡೆ ತಿರುಗಲು ನೋಡುತ್ತದೆ, ಅದನ್ನು ತಡೆಯಲು ಎದುರು ಕಾಲಿನಿಂದ ರಡ್ಡರ್ ಒತ್ತಬೇಕು. ಎಡಗಾಳಿಗೆ ಕೈ ಎಡಕ್ಕೆ, ಕಾಲು ಬಲಕ್ಕೆ. ಇಪ್ಪತ್ತು ವರ್ಷ ಕಾರು ಓಡಿಸಿದ ಮೈ ಇದನ್ನು ಒಪ್ಪುವುದೇ ಇಲ್ಲ.

ಎಲ್ಲ ಸರಿಯಾದರೆ ಗಾಳಿಯ ಕಡೆಯ ಒಂದೇ ಚಕ್ರ ಮೊದಲು ನೆಲ ಮುಟ್ಟುತ್ತದೆ. ಮೊದಲ ಸಲ ಹಾಗಾದಾಗ ಎಲ್ಲೋ ತಪ್ಪಿದೆ ಎಂದೇ ಅನ್ನಿಸುತ್ತದೆ. ಆಮೇಲೆ ಎರಡನೆಯ ಚಕ್ರ, ಕೊನೆಗೆ ಮುಂದಿನದು. ಇಲ್ಲಿಗೆ ಮುಗಿಯಿತೆಂದು ಕೈ ಸಡಿಲ ಬಿಡುವವರೇ ಹೆಚ್ಚು. ನಾನೂ ಬಿಡುತ್ತಿದ್ದೆ. ಆದರೆ ವೇಗ ಇಳಿದಂತೆ ರೆಕ್ಕೆಯ ತುದಿಯ ಎಲೆರಾನ್‌ಗಳ ಹಿಡಿತ ಕುಂದುತ್ತದೆ, ಗಾಳಿಯದು ಕುಂದುವುದಿಲ್ಲ. ಹಾಗಾಗಿ ನೆಲ ಮುಟ್ಟಿದ ಮೇಲೆ ಎಲೆರಾನ್ ಅನ್ನು ಸಡಿಲಿಸುವುದಲ್ಲ, ಗಾಳಿಯ ಕಡೆಗೆ ಇನ್ನಷ್ಟು, ಇನ್ನಷ್ಟು ತಿರುಗಿಸುತ್ತ ಹೋಗಬೇಕು. ಬಾಲದ ಮೇಲೆ ಬಡಿಯುವ ಗಾಳಿ ವಿಮಾನವನ್ನು ಗಾಳಿಕೋಳಿಯ ಹಾಗೆ ತಿರುಗಿಸಿ ಮೂತಿಯನ್ನು ತನ್ನ ಕಡೆಗೆ ಎಳೆದುಕೊಳ್ಳಲು ನೋಡುತ್ತಲೇ ಇರುತ್ತದೆ. ಏರುವಾಗಲೂ ಇದೇ ಜಗ್ಗಾಟ, ತಿರುಗಮುರುಗ ಕ್ರಮದಲ್ಲಿ. ಎಡಗಡೆಯ ಗಾಳಿಯಾದರೆ ಇನ್ನೂ ಕಷ್ಟ, ಏಕೆಂದರೆ ಎಂಜಿನ್ನಿನ ಬಲವೂ ಮೂತಿಯನ್ನು ಎಡಕ್ಕೇ ಎಳೆಯುತ್ತದೆ. ಬಲಗಾಲಿಗೆ ಎರಡು ಪಾಲು ಕೆಲಸ.

ಎಷ್ಟು ತಗ್ಗಿಸಬೇಕು, ಎಷ್ಟು ಒತ್ತಬೇಕು? ನಮ್ಮ ಗದಗ ಕಡೆ ಅವ್ವಂದಿರನ್ನು ರೊಟ್ಟಿಗೆ ಎಷ್ಟು ನೀರು ಹಾಕಬೇಕೆಂದು ಕೇಳಿದರೆ "ಹಿಟ್ಟು ಎಷ್ಟು ಕೇಳತೈತೋ ಅಷ್ಟು" ಎನ್ನುತ್ತಾರೆ. ಇದೂ ಅಷ್ಟೇ. ನೆಲಕ್ಕೆ ಹತ್ತಿರವಾದಂತೆ ಗಾಳಿ ಕಡಿಮೆಯಾಗುತ್ತದೆ. ಹ್ಯಾಂಗರ್‌ಗಳ ಸಾಲು ಎದುರಾದಾಗ ತಟ್ಟನೆ ಇಲ್ಲವಾಗುತ್ತದೆ, ಸಾಲು ಮುಗಿದೊಡನೆ ಮತ್ತೆ ಹೊಡೆಯುತ್ತದೆ. ಒಂದು ಕ್ಷಣಕ್ಕೆ ಸರಿಯಾದ ಒತ್ತಡ ಮುಂದಿನ ಕ್ಷಣಕ್ಕೆ ತಪ್ಪು. ಹಾಗಾಗಿ ಇದು ಒಮ್ಮೆ ಕಲಿತು ಇಟ್ಟುಕೊಳ್ಳುವ ಸಂಗತಿಯಾಗಲು ಸಾಧ್ಯವೇ ಇಲ್ಲ. ವರ್ಷವಿಡೀ ರೊಟ್ಟಿ ಬಡಿಯದ ಕೈಗೆ ಹಿಟ್ಟು ಏನನ್ನೂ ಹೇಳುವುದಿಲ್ಲ.

ಈಗ ಇನ್ನೊಂದು 15ರ ವಿಷಯ. ಸೆಸ್ನಾ 172ರ ಕೈಪಿಡಿಯಲ್ಲಿ 15 ನಾಟ್ ಅಡ್ಡಗಾಳಿ ಎಂಬ ಅಂಕಿ ಇದೆ. ಪೈಲಟ್‌ಗಳ ಹರಟೆಯಲ್ಲಿ ಇದರಷ್ಟು ತಪ್ಪರ್ಥಕ್ಕೆ ಸಿಕ್ಕ ಅಂಕಿ ಬೇರೊಂದಿಲ್ಲ. ವಿಮಾನವನ್ನು ಪರೀಕ್ಷಿಸಿದ ದಿನಗಳಲ್ಲಿ ಪರೀಕ್ಷಾ ಪೈಲಟ್ ಇಷ್ಟು ಗಾಳಿಯಲ್ಲಿ ಇಳಿಸಿ ತೋರಿಸಿದ್ದಾನೆ ಎಂಬುದಷ್ಟೇ ಅದರ ಅರ್ಥ. ವಿಮಾನದ ಶಕ್ತಿ ಅಲ್ಲಿಗೆ ಮುಗಿಯಿತೆಂದಲ್ಲ, ಅದನ್ನು ಮೀರುವುದು ಕಾನೂನುಬಾಹಿರವೂ ಅಲ್ಲ. ಹೀಗಾಗಿ ಧೈರ್ಯಸ್ಥರು "ಅದು ಮಿತಿಯೇ ಅಲ್ಲ" ಎಂದು 20ಕ್ಕೂ ಹೊರಡುತ್ತಾರೆ. ಅಂಜುವವರು "15ರವರೆಗೆ ವಿಮಾನ ತಡೆಯುತ್ತದೆ" ಎಂದು 14ಕ್ಕೆ ನಿಶ್ಚಿಂತರಾಗುತ್ತಾರೆ. ಆ ಮಧ್ಯಾಹ್ನ ನಾನು ಎರಡನೆಯ ಗುಂಪಿನವನು. ಇಬ್ಬರೂ ಮಾಡುವ ತಪ್ಪು ಒಂದೇ: ಅಂಕಿ ವಿಮಾನದ್ದು ಎಂದುಕೊಳ್ಳುವುದು. ಆ ಅಂಕಿಯ ಹಿಂದೆ ದಿನವೂ ಹಾರುತ್ತಿದ್ದ ಒಬ್ಬ ಮನುಷ್ಯನ ಕೈಕಾಲು ಇತ್ತು. ನನ್ನ ಕೈಕಾಲಿನ ಅಂಕಿ ಅಂದು ಆರೋ ಏಳೋ ಆಗಿತ್ತು.

ನನ್ನ ವಾದಕ್ಕೆ ಎದುರು ನಿಲ್ಲುವ ಮಾತುಗಳಿವೆ, ಹಗುರವಾದವಲ್ಲ. ಮನರಂಜನೆಗೆ ಹಾರುವವನಿಗೆ ಗಾಳಿಯ ಹಂಗೇಕೆ, ಬೆಳಿಗ್ಗೆ ಹಾರಿ ಬೆಳಿಗ್ಗೆಯೇ ಬಂದರಾಯಿತಲ್ಲ ಎನ್ನುವವರಿದ್ದಾರೆ. ಗಾಳಿಯಲ್ಲಿ ಅಭ್ಯಾಸ ಮಾಡಲು ಹೋಗಿಯೇ ವಿಮಾನ ಮುರಿದವರಿಲ್ಲವೇ ಎಂದು ಕೇಳುವವರಿದ್ದಾರೆ. ಇದ್ದಾರೆ, ನಿಜ. ಅಮೆರಿಕದ ಸಣ್ಣ ವಿಮಾನಗಳ ಅಪಘಾತಗಳಲ್ಲಿ ಪೈಲಟ್ ತಪ್ಪಿನಿಂದ ಆಗುವವುಗಳ ಅತಿ ದೊಡ್ಡ ಗುಂಪು ಇಳಿಯುವಾಗಿನದು. ಅವುಗಳಲ್ಲಿ ಸಾಯುವವರು ಬಹಳ ಕಡಿಮೆ, ಆದರೆ ಬಾಗಿದ ಪ್ರೊಪೆಲ್ಲರ್, ಮುರಿದ ಮುಂಗಾಲು, ಸುಕ್ಕುಗಟ್ಟಿದ ರೆಕ್ಕೆ, ಏರುವ ವಿಮೆ ಇವೆಲ್ಲ ಪುಕ್ಕಟೆಯಲ್ಲ. ವಿಮಾನ ಬಾಡಿಗೆಗೆ ಕೊಡುವವರು ಇಷ್ಟು ಅಡ್ಡಗಾಳಿ ಮೀರಿದರೆ ಕೊಡುವುದಿಲ್ಲ ಎಂದು ನಿಯಮ ಮಾಡುವುದು ನನಗೆ ಅರ್ಥವಾಗುತ್ತದೆ.

ಬೆಳಿಗ್ಗೆ ಹಾರಿ ಬೆಳಿಗ್ಗೆ ಬರುವ ವಾದ ಮಾತ್ರ ನಿಲ್ಲುವುದಿಲ್ಲ. ಏರುವ ಹೊತ್ತನ್ನು ಪೈಲಟ್ ಆರಿಸಿಕೊಳ್ಳಬಹುದು, ಇಳಿಯುವ ಹೊತ್ತಿನ ಗಾಳಿಯನ್ನಲ್ಲ. ಊಟ ಉದ್ದವಾಗುತ್ತದೆ. ಮುಂದಿನ ವಿಮಾನದ ಟೈರ್ ಒಡೆದು ರನ್‌ವೇ ಮುಚ್ಚುತ್ತದೆ. ಮುನ್ಸೂಚನೆಯಲ್ಲಿ ನಾಲ್ಕು ಗಂಟೆಗೆ ಬರಬೇಕಿದ್ದ ಗಾಳಿ ಎರಡಕ್ಕೇ ಬರುತ್ತದೆ. ಆಕಾಶದಲ್ಲಿ ಬಸ್‌ಸ್ಟಾಂಡ್ ಇಲ್ಲ, ಹೊರಟವನು ಎಲ್ಲಾದರೊಂದು ಕಡೆ ಇಳಿಯಲೇಬೇಕು. ಗಾಳಿಯನ್ನು ಎಂದೂ ಎದುರಿಸದವನು ಮೊದಲ ಸಲ ಅದನ್ನು ಎದುರಿಸುವುದು ತಾನು ಆರಿಸದ ದಿನ, ತಾನು ಆರಿಸದ ರನ್‌ವೇಯಲ್ಲಿ, ಹಿಂದಿನ ಸೀಟಿನಲ್ಲಿ ಮೈದುನ ಕೂತಿರುವಾಗ.

ಇದು ಹವ್ಯಾಸಿಗಳ ಕಷ್ಟ ಮಾತ್ರ ಎಂದುಕೊಳ್ಳಬಾರದು. 2008ರ ಡಿಸೆಂಬರ್ 20ರಂದು ಡೆನ್ವರ್‌ನಲ್ಲಿ ಕಾಂಟಿನೆಂಟಲ್ ಏರ್‌ಲೈನ್ಸ್‌ನ 1404ನೇ ವಿಮಾನ, 115 ಜನರಿದ್ದ ಬೋಯಿಂಗ್ 737, ಏರಲು ಓಡುತ್ತಿದ್ದಾಗಲೇ ರನ್‌ವೇ ಬಿಟ್ಟು ಪಕ್ಕಕ್ಕೆ ಹೋಗಿ ಬೆಂಕಿ ಹೊತ್ತಿಕೊಂಡಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಎಡಗಡೆಯಿಂದ 45 ನಾಟ್‌ನವರೆಗೆ ಗಾಳಿ ಬೀಸಿತ್ತು. ತನಿಖೆ ಮಾಡಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ, ಕ್ಯಾಪ್ಟನ್ ಬಲಗಾಲಿನ ಒತ್ತಡ ಬಿಟ್ಟದ್ದನ್ನು ಕಾರಣವೆಂದು ಹೇಳಿ, ಆ ಗಾಳಿ ಅವರ ತರಬೇತಿಯನ್ನೂ ಅನುಭವವನ್ನೂ ಮೀರಿದ್ದಾಗಿತ್ತು ಎಂದಿತು. ಪೂರಕ ಕಾರಣಗಳಲ್ಲಿ ಒಂದು ಇನ್ನೂ ಮುಖ್ಯ: ವಿಮಾನಯಾನ ಕಂಪನಿಗಳ ಸಿಮ್ಯುಲೇಟರ್‌ಗಳಲ್ಲಿ ಬೀಸುಗಾಳಿಯನ್ನು ಸರಿಯಾಗಿ ಮೂಡಿಸಿರಲಿಲ್ಲ, ಆದ್ದರಿಂದ ಅಡ್ಡಗಾಳಿಯ ತರಬೇತಿಯೇ ಸಾಲದಾಗಿತ್ತು. ಸಾವಿರಾರು ಗಂಟೆ ಹಾರಿದವರ ಕೈಗೂ ಬೀಸುಗಾಳಿ ಅಪರಿಚಿತವಾಗಿರಬಹುದು ಎಂದು ಅಧಿಕೃತವಾಗಿ ಒಪ್ಪಿಕೊಂಡ ಹಾಗಾಯಿತು. ಮನೆಯ ಕಂಪ್ಯೂಟರಿನಲ್ಲಿ ಸಿಮ್ಯುಲೇಟರ್ ಆಡಿ ಗಾಳಿ ಕಲಿತೆ ಎನ್ನುವ ಗೆಳೆಯರಿಗೆ ನಾನು ಈ ವರದಿಯನ್ನು ಕಳಿಸುತ್ತೇನೆ. ಯಾರೂ ಓದಿದಂತೆ ಕಾಣುವುದಿಲ್ಲ.

ಗಾಳಿಯನ್ನು ಬರೀ ಶತ್ರುವೆಂದು ನೋಡುವುದೂ ಅರೆತಿಳಿವು. ರೈಟ್ ಸಹೋದರರು ತಮ್ಮೂರು ಬಿಟ್ಟು ದೂರದ ಕಿಟ್ಟಿ ಹಾಕ್‌ಗೆ ಹೋದದ್ದೇ ಗಾಳಿ ಹುಡುಕಿಕೊಂಡು. ಎಲ್ಲಿ ಗಾಳಿ ಚೆನ್ನಾಗಿ ಬೀಸುತ್ತದೆ ಎಂದು ಹವಾಮಾನ ಇಲಾಖೆಗೆ ಪತ್ರ ಬರೆದು ವಿಚಾರಿಸಿದ್ದರು. 1903ರ ಡಿಸೆಂಬರ್ 17ರ ಮೊದಲ ಹಾರಾಟದಲ್ಲಿ ವಿಮಾನ 12 ಸೆಕೆಂಡಿನಲ್ಲಿ ನೆಲದ ಮೇಲೆ ಕ್ರಮಿಸಿದ್ದು 120 ಅಡಿ ಮಾತ್ರ, ಮನುಷ್ಯ ನಿಧಾನವಾಗಿ ಓಡುವಷ್ಟು ವೇಗ. ಉಳಿದ ವೇಗವನ್ನೆಲ್ಲ ಎದುರುಗಾಳಿ ಕೊಟ್ಟಿತ್ತು. ಅದೇ ದಿನ ನಾಲ್ಕನೆಯ ಹಾರಾಟದ ನಂತರ ನೆಲದ ಮೇಲೆ ನಿಂತಿದ್ದ ಅದೇ ವಿಮಾನವನ್ನು ಅದೇ ಗಾಳಿ ಮಗುಚಿ ಹಾಕಿ ಮುರಿಯಿತು. ಆ ಯಂತ್ರ ಮತ್ತೆಂದೂ ಹಾರಲಿಲ್ಲ.

ನಮ್ಮ ಸೆಸ್ನಾ 65 ನಾಟ್ ವೇಗದಲ್ಲಿ ಇಳಿಯಲು ಬರುತ್ತದೆ. 15 ನಾಟ್ ಗಾಳಿ ನೇರ ಎದುರಿಗಿದ್ದರೆ ನೆಲದ ಮೇಲಿನ ವೇಗ 50. ಚಲನೆಯ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾದ್ದರಿಂದ ಬ್ರೇಕು ಕರಗಿಸಬೇಕಾದ ಶಕ್ತಿ ಸುಮಾರು ಶೇ 40ರಷ್ಟು ಕಡಿಮೆ. ಬೆನ್ನಿನಿಂದ 10 ನಾಟ್ ಬಂದರೆ ಅದೇ ಶಕ್ತಿ ಮೂರನೆಯ ಒಂದು ಪಾಲು ಹೆಚ್ಚು. ರನ್‌ವೇಗೆ ಕರ್ಣದಲ್ಲಿ ಬರುವ ಗಾಳಿಯ ಲೆಕ್ಕವೂ ಸುಲಭ: 30 ಡಿಗ್ರಿ ಓರೆಯಾದರೆ ಅರ್ಧ ಭಾಗ ಅಡ್ಡಗಾಳಿ, 45ಕ್ಕೆ ನೂರಕ್ಕೆ 70, 60ಕ್ಕೆ ಹತ್ತಿರ ಹತ್ತಿರ 90. ಒಂದೇ ಗಾಳಿ, ರನ್‌ವೇ ಬದಲಾದರೆ ಉಡುಗೊರೆ ಕೂಡ ಆಗುತ್ತದೆ, ಪೆಟ್ಟು ಕೂಡ ಆಗುತ್ತದೆ.

ಈ ಉಡುಗೊರೆಯನ್ನೇ ಲೆಕ್ಕಕ್ಕಿಟ್ಟು ರನ್‌ವೇಗಳನ್ನು ಕಟ್ಟುತ್ತಾರೆ. ಬೆಂಗಳೂರಿನ ಜಕ್ಕೂರು, ಯಲಹಂಕ, ಎಚ್‌ಎಎಲ್, ದೇವನಹಳ್ಳಿ ನಾಲ್ಕರಲ್ಲೂ ರನ್‌ವೇಗಳು ಹೆಚ್ಚುಕಡಿಮೆ ಪೂರ್ವ ಪಶ್ಚಿಮಕ್ಕೆ ಮಲಗಿವೆ. ಆಷಾಢದಲ್ಲಿ ಹಳೇ ಮೈಸೂರಿನ ಹುಡುಗರ ಗಾಳಿಪಟ ಏರಿಸುವ ಪಡುವಣ ಗಾಳಿಗೆ ಪಶ್ಚಿಮಕ್ಕೆ ಮುಖ ಮಾಡಿ ಏರಬೇಕು, ಚಳಿಗಾಲದ ಮೂಡಣ ಗಾಳಿಗೆ ಪೂರ್ವಕ್ಕೆ. ಒಳ್ಳೆಯ ವ್ಯವಸ್ಥೆ. ಆದರೆ ಕಲಿಯುವವನ ಮಟ್ಟಿಗೆ ಇದರಲ್ಲಿ ಒಂದು ಕಳ್ಳತನವಿದೆ. 1940ರ ದಶಕದ ಕೊನೆಯಿಂದ ಪೈಲಟ್‌ಗಳನ್ನು ತಯಾರು ಮಾಡುತ್ತಿರುವ ಜಕ್ಕೂರಿನಂಥ ಮೈದಾನದಲ್ಲಿ ವರ್ಷದ ಬಹುಪಾಲು ಗಾಳಿ ರನ್‌ವೇಯ ಉದ್ದಕ್ಕೇ ಬೀಸುವಾಗ, ಅಲ್ಲೇ ಕಲಿತು ಅಲ್ಲೇ ಹಾರುವ ಹವ್ಯಾಸಿಗೆ ಗಟ್ಟಿ ಅಡ್ಡಗಾಳಿ ಅಪರೂಪದ ಅತಿಥಿ. ಮುಂಗಾರಿನ ಬೀಸು ನೈರುತ್ಯಕ್ಕೆ ಹೆಚ್ಚು ಸರಿದ ದಿನಗಳಲ್ಲಿ ಮಾತ್ರ ಪಾಠ ಸಿಗುತ್ತದೆ. ಆ ದಿನಗಳಲ್ಲಿ ಮೋಡವೂ ಮಳೆಯೂ ಜೊತೆಗೇ ಬಂದು ಹಾರಾಟ ನಿಲ್ಲಿಸುವುದೂ ಉಂಟು.

ನನ್ನ ಪಾಠ ನಡೆಯುವುದು ಬೈರನ್‌ನಲ್ಲಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಪೂರ್ವಕ್ಕೆ, ಆಲ್ಟಮಾಂಟ್ ಕಣಿವೆ ದಾಟಿ ಬಯಲಿಗಿಳಿದರೆ ಕಂಟ್ರೋಲ್ ಟವರ್ ಇಲ್ಲದ ಈ ಮೈದಾನ ಸಿಗುತ್ತದೆ. ಬೇಸಿಗೆಯಲ್ಲಿ ಒಳನಾಡಿನ ಬಯಲು ಕಾದು ಗಾಳಿ ಮೇಲೇರಿದಂತೆ ಪೆಸಿಫಿಕ್‌ನ ತಂಪು ಗಾಳಿ ಬೆಟ್ಟಗಳ ಸಂದಿಯಲ್ಲಿ ನುಗ್ಗಿ ಬರುತ್ತದೆ. 1980ರ ದಶಕದಿಂದ ಇಲ್ಲಿನ ದಿಣ್ಣೆಗಳ ಮೇಲೆ ಗಾಳಿಯಂತ್ರಗಳು ನಿಂತಿರುವುದು ಇದಕ್ಕಾಗಿಯೇ. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿದ ನನಗೆ ಮೊದಲ ಸಲ ಆ ದಿಣ್ಣೆಗಳ ಮೇಲೆ ಹಾರುವಾಗ ಊರಿನ ಹಾದಿ ಹಿಡಿದಂತೆ ಅನ್ನಿಸಿತ್ತು. ಕಪ್ಪತಗುಡ್ಡದ ಹಸಿರು ಮಾತ್ರ ಇಲ್ಲಿಲ್ಲ, ಜೂನ್ ಹೊತ್ತಿಗೆ ಹುಲ್ಲೆಲ್ಲ ಒಣಗಿ ಗೋಧಿಬಣ್ಣ.

ಬೈರನ್‌ನ ಹೆಚ್ಚುಗಾರಿಕೆ ಗಾಳಿಯಲ್ಲ, ಅಲ್ಲಿ ಎರಡು ರನ್‌ವೇಗಳಿರುವುದು. ನೈರುತ್ಯದ ಕಡೆಯಿಂದ 16 ನಾಟ್ ಬೀಸುತ್ತಿದೆ ಎನ್ನಿ. ವಾಯವ್ಯಕ್ಕೆ ಮುಖ ಮಾಡಿದ 4,500 ಅಡಿಯ ಉದ್ದ ರನ್‌ವೇಯಲ್ಲಿ ಆ ಗಾಳಿ 60 ಡಿಗ್ರಿ ಓರೆಯಾಗಿ ಬಂದರೆ ಅಡ್ಡಗಾಳಿ 14 ನಾಟ್. ಪಕ್ಕದ 3,000 ಅಡಿಯ ಚಿಕ್ಕ ರನ್‌ವೇಗೆ ಅದೇ ಗಾಳಿ ಬಹುತೇಕ ನೇರ ಎದುರು, ಅಡ್ಡಗಾಳಿ ಮೂರೇ ನಾಟ್. ಕಷ್ಟದ ರನ್‌ವೇಯಲ್ಲಿ ಅಭ್ಯಾಸ ಮಾಡುತ್ತ, ಕೈ ಸೋತಾಗ ಸುಲಭದ ರನ್‌ವೇಗೆ ಬಂದು ಇಳಿಯಬಹುದು. ಗಾಳಿಯಲ್ಲಿ ಅಭ್ಯಾಸ ಮಾಡಿ ಎಂದು ನಾನು ಹೇಳುವಾಗ ಮನಸ್ಸಿನಲ್ಲಿರುವುದು ಇಂಥ ಜಾಗ. ಒಂದೇ ರನ್‌ವೇ, ಸುತ್ತ ಬೇರೆ ನಿಲ್ದಾಣವಿಲ್ಲ, ಟ್ಯಾಂಕಿನಲ್ಲಿ ಅರ್ಧ ಗಂಟೆಯ ಇಂಧನ ಎಂಬಂಥ ಕಡೆ ಗಾಳಿಯ ಜೊತೆ ಕುಸ್ತಿಗಿಳಿಯುವವನನ್ನು ನಾನು ಅಭ್ಯಾಸಿ ಎನ್ನಲಾರೆ.

ಮೊದಲ ದಿನ ಇನ್‌ಸ್ಟ್ರಕ್ಟರ್ ನನಗೆ ಇಳಿಯಲೇ ಬಿಡಲಿಲ್ಲ. ರನ್‌ವೇಯ ಮೇಲೆ ಐದಡಿ ಎತ್ತರದಲ್ಲಿ, ಒಂದಿಷ್ಟು ಥ್ರಾಟಲ್ ಉಳಿಸಿಕೊಂಡು, ರನ್‌ವೇಯ ಉದ್ದಕ್ಕೂ ನಡುಗೆರೆಯ ಮೇಲೇ ತೇಲಿಸಬೇಕು, ಚಕ್ರ ತಾಗಿಸುವ ಹಾಗಿಲ್ಲ ಎಂದರು. ರನ್‌ವೇ ಮುಗಿಯುವ ಮುನ್ನ ಏರಿ ಮತ್ತೊಂದು ಸುತ್ತು. ಮಾಮೂಲಿ ಇಳಿತದಲ್ಲಿ ಕೈಕಾಲು ಹೊಂದಿಸಲು ಸಿಗುವುದು ಮೂರು ನಾಲ್ಕು ಸೆಕೆಂಡು. ಹೀಗೆ ತೇಲಿದರೆ ಅರ್ಧ ನಿಮಿಷ ಸಿಗುತ್ತದೆ. ಆರು ಸುತ್ತಿನಲ್ಲಿ ನನ್ನ ಬಲಗಾಲು ಕಲಿತದ್ದನ್ನು ಒಂದೂವರೆ ವರ್ಷದ ಬೆಳಗಿನ ಹಾರಾಟಗಳು ಕಲಿಸಿರಲಿಲ್ಲ. ಏಳನೆಯ ಸುತ್ತಿಗೆ "ಈಗ ಇಳಿಸಿ" ಎಂದರು. ಎಂಟನೆಯದಕ್ಕೆ ನಾನು ಉತ್ಸಾಹದಲ್ಲಿದ್ದೆ, ಅವರು "ಸಾಕು, ನಿಮಗೆ ದಣಿವಾಗಿದೆ" ಎಂದರು. ನನಗೆ ದಣಿವು ಗೊತ್ತೇ ಆಗಿರಲಿಲ್ಲ. ಮನೆಗೆ ಬಂದು ಅಂಗಿ ಬಿಚ್ಚಿದಾಗ ಬೆನ್ನಿನ ಬೆವರು ನೋಡಿ ತಿಳಿಯಿತು.

ಗಾಳಿಯ ಅಭ್ಯಾಸ ಕೆಟ್ಟದ್ದಕ್ಕೆ ತಿರುಗುವ ಜಾಗ ಇದೇ. ಇಷ್ಟು ಹೊತ್ತು ಬೆವರಿದ್ದೇನೆ, ಒಂದಾದರೂ ಚೆನ್ನಾಗಿ ಇಳಿಸಿಯೇ ಹೋಗಬೇಕೆಂಬ ಹಟ ಹುಟ್ಟುತ್ತದೆ. ಕೊನೆಯ ತಿರುವಿನಲ್ಲಿ ಗಾಳಿ ಬೆನ್ನಿಗೆ ತಳ್ಳಿ ರನ್‌ವೇಯ ನೇರವನ್ನು ದಾಟಿಸಿಬಿಟ್ಟಿರುತ್ತದೆ. ಹಟ ಹಿಡಿದವನು ತಿರುವನ್ನು ಇನ್ನಷ್ಟು ಬಿಗಿ ಮಾಡುತ್ತಾನೆ. ಎತ್ತರ ಬಿಟ್ಟುಕೊಡದೆ 60 ಡಿಗ್ರಿ ಬಾಗಿ ತಿರುಗುವ ವಿಮಾನಕ್ಕೆ ತನ್ನ ತೂಕ ಎರಡರಷ್ಟಾಗುತ್ತದೆ. 45 ನಾಟ್‌ಗೆ ಕುಸಿಯುವ ವಿಮಾನ 64ಕ್ಕೇ ಕುಸಿಯುತ್ತದೆ. ನಾಲ್ಕೈದು ನೂರು ಅಡಿಯಲ್ಲಿ ಕುಸಿದರೆ ಚೇತರಿಸಿಕೊಳ್ಳಲು ಎತ್ತರವಿಲ್ಲ. ಇಳಿಯುವ ಕಡೆಯ ಕ್ಷಣದ ಅಪಘಾತಗಳು ಹೆಚ್ಚಾಗಿ ಲೋಹವನ್ನು ಬಾಗಿಸುತ್ತವೆ ಎಂದೆನಲ್ಲ, ಈ ತಿರುವಿನವು ಜೀವ ತೆಗೆಯುತ್ತವೆ.

ಆದ್ದರಿಂದ ಗಾಳಿಯಲ್ಲಿ ಅಭ್ಯಾಸ ಮಾಡಬೇಕಾದದ್ದರಲ್ಲಿ ಅರ್ಧಪಾಲು ಇಳಿಯದಿರುವುದು. ಥ್ರಾಟಲ್ ಪೂರ್ತಿ ಒತ್ತಿ, ಮೂತಿ ಎತ್ತಿ, ಇನ್ನೊಂದು ಸುತ್ತು ಹಾಕುವುದು. ಪೈಲಟ್‌ಗಳು ಗೋ ಅರೌಂಡ್ ಎನ್ನುವ ಇದಕ್ಕೆ ಸಮಾಜದಲ್ಲಿ ಮರ್ಯಾದೆ ಇಲ್ಲ. ಮಳೆಗಾಲದಲ್ಲಿ ಮಂಗಳೂರಿನ ಮೇಲೆ ಸುತ್ತಿ ಇಳಿಯಲಾಗದೆ ವಿಮಾನ ಬೆಂಗಳೂರಿಗೆ ಹೋದರೆ ಮರುದಿನ ಪತ್ರಿಕೆಯಲ್ಲಿ "ಪ್ರಯಾಣಿಕರ ಪರದಾಟ" ಎಂಬ ಸುದ್ದಿ. ಅಡ್ಡಾದಿಡ್ಡಿ ಬಂದು ಹೇಗೋ ಇಳಿಸಿದವನಿಗೆ ಚಪ್ಪಾಳೆ. ಪುಟ್ಟ ನಿಲ್ದಾಣದಲ್ಲೂ ಇದೇ ನಡೆ. ಬೇಲಿಯ ಪಕ್ಕ ಕಾಫಿ ಹಿಡಿದು ನಿಂತವರು ಚಿಮ್ಮಿ ಬಡಿದು ಇಳಿದವನನ್ನು ನೋಡಿ ನಗುತ್ತಾರೆ, ಮೇಲೆದ್ದು ಹೋದವನನ್ನು ನೋಡಿ ಇನ್ನೂ ಹೆಚ್ಚು ನಗುತ್ತಾರೆ. ಆ ಮಧ್ಯಾಹ್ನ ನಡುಗೆರೆ ಬಿಟ್ಟು ಸರಿಯುತ್ತಿದ್ದ ವಿಮಾನವನ್ನು ನಾನು ಮೇಲೆತ್ತದಿರಲು ಮೈದುನನ ಎದುರಿನ ನಾಚಿಕೆಯೂ ಒಂದು ಕಾರಣ ಎಂದು ಈಗ ಒಪ್ಪಿಕೊಳ್ಳಬಲ್ಲೆ. ಈಗ ಎರಡು ಸುತ್ತಿನ ನಿಯಮ ಇಟ್ಟುಕೊಂಡಿದ್ದೇನೆ. ಜನ ಕೂತಿರುವಾಗ ಎರಡು ಸಲ ಇಳಿಯಲಾಗದಿದ್ದರೆ ಮೂರನೆಯ ಪ್ರಯತ್ನವಿಲ್ಲ, ಗಾಳಿಗೆ ಎದುರಾದ ರನ್‌ವೇ ಇರುವ ಇನ್ನೊಂದು ಊರಿಗೆ ಹೋಗುವುದು. ಟ್ಯಾಕ್ಸಿ ಖರ್ಚು ನನ್ನದು.

"ಗಾಳಿ ಬಂದಾಗ ತೂರಿಕೋ" ಎಂಬ ಗಾದೆಯನ್ನು ನಾವೀಗ ಸಮಯಸಾಧಕರಿಗೆ ಮೀಸಲಿಟ್ಟಿದ್ದೇವೆ. ಕಣದಲ್ಲಿ ರಾಶಿ ಮಾಡುವುದನ್ನು ಕಂಡವರಿಗೆ ಅದರಲ್ಲಿ ಸಮಯಸಾಧಕತನ ಕಾಣುವುದಿಲ್ಲ. ನನ್ನ ಅಜ್ಜ ಎತ್ತರದ ಮಣೆಯ ಮೇಲೆ ನಿಂತು ಮೊರ ಎತ್ತಿ ಹಿಡಿದು ಗಾಳಿಗೆ ಕಾಯುತ್ತಿದ್ದ. ಗಾಳಿ ಇಲ್ಲದಿದ್ದರೆ ಹೊಟ್ಟೂ ಕಾಳೂ ಒಂದೇ ಕಡೆ ಬೀಳುತ್ತವೆ. ಸುಳಿಗಾಳಿ ಬಂದರೆ ಮೊರ ಕೆಳಗಿಳಿಸಿ ಕೂತುಬಿಡುತ್ತಿದ್ದ, ಏಕೆಂದರೆ ಅದು ಕಾಳನ್ನೂ ಹಾರಿಸುತ್ತದೆ. ಅವನಿಗೆ ಬೇಕಿದ್ದುದು ಒಂದು ಹದದ ಗಾಳಿ, ಅದು ಬಂದಾಗ ಅವನು ಊಟಕ್ಕೂ ಏಳುತ್ತಿರಲಿಲ್ಲ. 12 ನಾಟ್ ಸಮನಾಗಿ ಬೀಸುವ ಗಾಳಿಗೂ, 12ರಿಂದ 25ಕ್ಕೆ ನೆಗೆಯುವ ಗಾಳಿಗೂ ಅಭ್ಯಾಸಿಯ ಮಟ್ಟಿಗೆ ಇರುವ ಅಂತರ ಇದೇ. ಗುಡುಗು ಮೋಡದ ಮುಂದೆ ನುಗ್ಗುವ ಗಾಳಿ ಯಾರ ಅಭ್ಯಾಸಕ್ಕೂ ಅಲ್ಲ.

ನನ್ನ ತೊಡೆಯ ಮೇಲೆ ಕಟ್ಟಿಕೊಳ್ಳುವ ಹಲಗೆಯಲ್ಲಿ ಈಗ ಒಂದು ಚೀಟಿ ಇದೆ. ಅದರಲ್ಲಿ ನನ್ನ ಅಡ್ಡಗಾಳಿಯ ಮಿತಿ, ಪಕ್ಕದಲ್ಲಿ ಔಷಧಿ ಬಾಟಲಿಯ ಮೇಲಿರುವಂತೆ ಒಂದು ತಾರೀಖು. ಒಬ್ಬನೇ ಇದ್ದರೆ 12, ಜನ ಇದ್ದರೆ 8, ಕೊನೆಯ ಗಾಳಿಯಭ್ಯಾಸದಿಂದ 60 ದಿನಗಳವರೆಗೆ. 60 ದಿನ ದಾಟಿದರೆ ಎರಡೂ ಅರ್ಧಕ್ಕಿಳಿಯುತ್ತವೆ. ಇದಕ್ಕೆ ಶಾಸ್ತ್ರಾಧಾರವಿಲ್ಲ. 60ರ ಬದಲು 45 ಇರಬೇಕಿತ್ತೇನೋ. ಸರಾಸರಿ ಗಾಳಿ ಎಂಟೇ ಇದ್ದು ಬೀಸು ಹದಿನೆಂಟಕ್ಕೆ ಹೋಗುವ ದಿನ ಈ ಚೀಟಿ ನನಗೆ ಸುಳ್ಳು ಹೇಳುತ್ತದೆ ಎಂಬುದೂ ಗೊತ್ತು. ನಿದ್ದೆಗೆಟ್ಟ ದಿನದ 8 ಮತ್ತು ನಿದ್ದೆಯಾದ ದಿನದ 8 ಒಂದೇ ಅಲ್ಲ. ಆದರೆ ತಾರೀಖಿಲ್ಲದ ಮಿತಿಗಿಂತ ತಾರೀಖಿರುವ ಮಿತಿ ಕಡಿಮೆ ಸುಳ್ಳು ಹೇಳುತ್ತದೆ. ಸರ್ಕಾರದ 90 ದಿನಗಳ ಲೆಕ್ಕದಲ್ಲಿ ನಾನು ಹಾರಿದ್ದೇನೆಯೇ ಎಂಬುದಕ್ಕೆ ಉತ್ತರ ಸಿಗುತ್ತದೆ. ಚೀಟಿಯಲ್ಲಿ ಸಿಗುವುದು, ಕೊನೆಯ ಸಲ ಗಾಳಿ ನನ್ನನ್ನು ಯಾವಾಗ ಕೇಳಿತ್ತು ಎಂಬುದಕ್ಕೆ.

ಬೇ ಏರಿಯಾದ ಚಳಿಗಾಲ ಬಿರುಗಾಳಿಯ ದಿನಗಳನ್ನು ಬಿಟ್ಟರೆ ಶಾಂತ. ಹಾಗಾಗಿ ಪ್ರತಿ ವರ್ಷ ಏಪ್ರಿಲ್ ಹೊತ್ತಿಗೆ ಚೀಟಿಯ ಅಂಕಿಗಳು 6 ಮತ್ತು 4ಕ್ಕೆ ಇಳಿದು ಕೂತಿರುತ್ತವೆ. ಹೆಂಡತಿಗೆ ಈ ಲೆಕ್ಕ ಈಗ ನನಗಿಂತ ಚೆನ್ನಾಗಿ ಗೊತ್ತು. ಎಲ್ಲಿಗಾದರೂ ಹೋಗೋಣವೇ ಎಂದರೆ ಮೊದಲು ಚೀಟಿ ಕೇಳುತ್ತಾಳೆ. ಮುಂದಿನ ಶನಿವಾರ ಬೈರನ್‌ನಲ್ಲಿ ಮಧ್ಯಾಹ್ನದ ಮುನ್ಸೂಚನೆ 14 ನಾಟ್, ಬೀಸು 19. ಬೆಳಿಗ್ಗೆ ಏಳಕ್ಕಿದ್ದ ವಿಮಾನವನ್ನು ಮೂರು ಗಂಟೆಗೆ ಬದಲಾಯಿಸಿ ಇನ್‌ಸ್ಟ್ರಕ್ಟರ್‌ಗೆ ಸಂದೇಶ ಕಳಿಸಿದ್ದೇನೆ. ಆ ಹೊತ್ತಿಗೆ ವಿಮಾನ ಸಿಗುವುದು ಕಷ್ಟವಾಗಲಿಲ್ಲ, ಎಲ್ಲರೂ ರದ್ದು ಮಾಡಿದ್ದರು.